ನಂಬಿಕೆ, ಪ್ರೀತಿ, ಸತ್ಕ್ರಿಯೆ: ಕಾರವಾರ–ಅಂಕೋಲೆಯ ಕರಾವಳಿಯಲ್ಲಿ ಕ್ರೈಸ್ತರ ಮೋಕ್ಷಸಾಧನವಿಚಾರ

ಮೋಕ್ಷಕ್ಕೆ ಸಾಧನವಾವುದೆಂಬ ಪ್ರಶ್ನೆಯು ನಮ್ಮ ದರ್ಶನಗಳಿಗೆ ಹೊಸತಲ್ಲ. ಜ್ಞಾನವೊಂದೇ ಸಾಧನವೆಂದು ಒಂದು ಪಕ್ಷ. ಜ್ಞಾನಕರ್ಮಗಳ ಸಮುಚ್ಚಯವೆಂದು ಇನ್ನೊಂದು ಪಕ್ಷ. ಭಕ್ತಿಯೆಂದೂ ಪ್ರಪತ್ತಿಯೆಂದೂ ಹೇಳುವ ಪಕ್ಷಗಳು ಬೇರೆ. ಕ್ರೈಸ್ತಮತದಲ್ಲಿಯೂ ಇದೇ ಪ್ರಶ್ನೆಯು ಹುಟ್ಟಿ, ಹದಿನಾರನೆಯ ಶತಮಾನದಲ್ಲಿ ಯೂರೋಪಿನ ಧರ್ಮಸಭೆಯನ್ನು ಎರಡಾಗಿ ಒಡೆಯಿತು. ಅಲ್ಲಿಯ ಸಾಧನಗಳ ಹೆಸರು ಮೂರು: ನಂಬಿಕೆ, ಪ್ರೀತಿ, ಸತ್ಕ್ರಿಯೆ. ಇವುಗಳಲ್ಲಿ ಮುಖ್ಯವಾವುದು, ಅಂಗವಾವುದು, ಕಾರಣವಾವುದು, ಫಲವಾವುದು ಎಂಬುದೇ ವಿವಾದದ ತಿರುಳು.

ಕನ್ನಡನಾಡಿನ ವಿದ್ಯಾವಂತರಲ್ಲಿ ಈ ವಿಷಯವನ್ನು ಕುರಿತು ಎರಡು ಬಗೆಯ ತಪ್ಪು ತಿಳಿವಳಿಕೆಗಳು ಬಳಕೆಯಲ್ಲಿವೆ. ನಂಬಿದರೆ ಸಾಕು, ನಡತೆ ಹೇಗಿದ್ದರೂ ಮುಕ್ತಿಯುಂಟೆಂಬುದು ಕ್ರೈಸ್ತಸಿದ್ಧಾಂತವೆಂದು ಕೆಲವರು ಎಣಿಸುವರು. ಕ್ರೈಸ್ತರ ಶಾಲೆ, ಆಸ್ಪತ್ರೆ, ಅನಾಥಾಲಯಗಳೆಲ್ಲ ಪುಣ್ಯಸಂಪಾದನೆಯ ಉಪಾಯಗಳೆಂದು ಮತ್ತೆ ಕೆಲವರು ಭಾವಿಸುವರು. ಮೊದಲನೆಯದು ನಿಜವಾದರೆ ಎರಡನೆಯದು ನಿಲ್ಲದು. ಎರಡನೆಯದು ನಿಜವಾದರೆ ಮೊದಲನೆಯದು ಬೀಳುವುದು. ಕಾರವಾರ ಮತ್ತು ಅಂಕೋಲೆಯ ಕರಾವಳಿಯ ಇತಿಹಾಸವನ್ನೂ, ಅಲ್ಲಿಯ ಜನ ಈ ಮೂರು ಸಾಧನಗಳಿಗೆ ಬಳಸಿದ ಶಬ್ದಗಳನ್ನೂ ಪರಿಶೀಲಿಸಿದಲ್ಲಿ ಎರಡೂ ನಿರಾಧಾರವೆಂಬುದು ಸ್ಪಷ್ಟವಾಗುವುದು.

1. ವಿವಾದದ ಸ್ವರೂಪ

ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ, ಮನುಷ್ಯನು ದೇವರ ಮುಂದೆ ನೀತಿವಂತನೆನಿಸುವುದು ಧರ್ಮಶಾಸ್ತ್ರದ ವಿಧಿಗಳ ಆಚರಣೆಯಿಂದಲ್ಲ, ನಂಬಿಕೆಯಿಂದ ಎಂದು ಪ್ರತಿಪಾದಿಸಿದನು. ಯಾಕೋಬನ ಪತ್ರವಾದರೋ, ಕ್ರಿಯೆಯಿಲ್ಲದ ನಂಬಿಕೆಯು ಪ್ರಾಣವಿಲ್ಲದ ಶರೀರದಂತೆಂದೂ, ದೇವರೊಬ್ಬನೇ ಎಂದು ದೆವ್ವಗಳೂ ನಂಬುತ್ತವೆಂದೂ ವಾದಿಸುತ್ತದೆ. ಅದೇ ಪೌಲನು ಕೊರಿಂಥದವರಿಗೆ ಬರೆಯುತ್ತ, ನಂಬಿಕೆ, ನಿರೀಕ್ಷೆ, ಪ್ರೀತಿಗಳೆಂಬ ಮೂರರಲ್ಲಿ ಪ್ರೀತಿಗೆ ಅಗ್ರಸ್ಥಾನವನ್ನಿತ್ತನು. ಗಲಾತ್ಯದವರಿಗೆ ಬರೆದ ಪತ್ರದಲ್ಲಿಯೂ ಪ್ರೀತಿಯ ಮೂಲಕ ಕೆಲಸಮಾಡುವ ನಂಬಿಕೆಯನ್ನೇ ಹೊಗಳಿದನು. ಹೀಗೆ ಶ್ರುತಿವಾಕ್ಯಗಳಲ್ಲಿಯೇ ಮೇಲುನೋಟಕ್ಕೆ ವಿರೋಧವಿರುವಾಗ ಸಮನ್ವಯವು ಭಾಷ್ಯಕಾರರ ಕೆಲಸವಾಯಿತು.

ಮನುಷ್ಯನು ಸ್ವಪ್ರಯತ್ನದಿಂದಲೇ ನಿರ್ದೋಷಿಯಾಗಬಲ್ಲನೆಂಬ ಪೆಲಾಗಿಯಸನ ಮತವನ್ನು ಆಗಸ್ಟೀನನು ಖಂಡಿಸಿದನು, ಕ್ರಿ. ಶ. 418ರ ಕಾರ್ಥೇಜಿನ ಸಭೆಯು ಆ ಮತವನ್ನು ತಿರಸ್ಕರಿಸಿತು. ಆದುದರಿಂದ ದೇವರ ಕೃಪೆಯೇ ಮೂಲವೆಂಬುದರಲ್ಲಿ ಮುಂದೆ ಬಂದ ಎರಡು ಪಕ್ಷಗಳಿಗೂ ಭೇದವಿಲ್ಲ. ಕೃಪೆಯನ್ನು ಪಡೆಯುವ ಬಗೆಯಲ್ಲಿ ಭೇದ. 1522ರಲ್ಲಿ ಅಚ್ಚಾದ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ಮಾರ್ಟಿನ್ ಲೂಥರನು ರೋಮಾಪುರದವರಿಗೆ ಬರೆದ ಪತ್ರದ ಒಂದು ವಾಕ್ಯಕ್ಕೆ ಮೂಲದಲ್ಲಿಲ್ಲದ ಒಂದು ಅವಧಾರಣಪದವನ್ನು ಸೇರಿಸಿ, ನಂಬಿಕೆಯಿಂದಲೇ ಎಂಬ ಅರ್ಥ ಬರುವಂತೆ ಭಾಷಾಂತರಿಸಿದನು. ಜರ್ಮನ್ ಭಾಷೆಯ ಜಾಯಮಾನಕ್ಕೂ ಪೌಲನ ಅಭಿಪ್ರಾಯಕ್ಕೂ ಅದು ಅವಶ್ಯವೆಂದು 1530ರಲ್ಲಿ ಸಮರ್ಥಿಸಿಯೂ ಕೊಂಡನು. ಜರ್ಮನ್ ಭಾಷೆಯಲ್ಲಿ ಬೇರೊಂದು ಪದ ಬೇಕಾದ ಈ ಅವಧಾರಣವು ಕನ್ನಡದಲ್ಲಿ ಏಕಾರವೊಂದರಿಂದಲೇ ಸಿದ್ಧಿಸುತ್ತದೆ. ಇಂಥದೊಂದು ಏಕಾರಕ್ಕಾಗಿ ರಾಜ್ಯಗಳು ಹೋರಾಡಿದುವೆಂದರೆ ಅತಿಶಯೋಕ್ತಿಯಾಗದು.

ಈ ಅವಧಾರಣವನ್ನು ನಮ್ಮ ತರ್ಕಶಾಸ್ತ್ರದ ಕ್ರಮದಿಂದ ವಿಭಾಗಿಸಿ ನೋಡುವುದು ಉಪಯುಕ್ತವಾಗಿದೆ. ಏವಕಾರಕ್ಕೆ ಅಯೋಗವ್ಯವಚ್ಛೇದವೆಂದೂ ಅನ್ಯಯೋಗವ್ಯವಚ್ಛೇದವೆಂದೂ ಎರಡು ಮುಖ್ಯಾರ್ಥಗಳನ್ನು ಶಾಸ್ತ್ರಜ್ಞರು ಹೇಳುವರು. ಸಂಬಂಧವಿಲ್ಲದಿರುವುದನ್ನು ತಳ್ಳಿಹಾಕುವುದು ಮೊದಲನೆಯದು. ಇತರ ವಸ್ತುಗಳ ಸಂಬಂಧವನ್ನು ತಳ್ಳಿಹಾಕುವುದು ಎರಡನೆಯದು. ನಂಬಿಕೆಯಿಂದಲೇ ರಕ್ಷಣೆ ಎಂಬಲ್ಲಿ, ನಂಬಿಕೆಯಿಲ್ಲದೆ ರಕ್ಷಣೆಯಿಲ್ಲವೆಂದು ಅರ್ಥಮಾಡಿದರೆ ಅದು ಅಯೋಗವ್ಯವಚ್ಛೇದ. ನಂಬಿಕೆಯ ಹೊರತು ಮತ್ತಾವುದೂ ರಕ್ಷಣೆಗೆ ಕಾರಣವಲ್ಲವೆಂದು ಅರ್ಥಮಾಡಿದರೆ ಅನ್ಯಯೋಗವ್ಯವಚ್ಛೇದ. 1547ನೆಯ ಜನವರಿ 13ರಂದು ತ್ರೆಂತಿನ ಮಹಾಸಭೆಯು ತನ್ನ ಆರನೆಯ ಅಧಿವೇಶನದಲ್ಲಿ ಮಾಡಿದ ನಿರ್ಣಯವು ಮೊದಲನೆಯ ಅರ್ಥವನ್ನು ಒಪ್ಪಿಕೊಂಡಿತು: ನಂಬಿಕೆಯು ರಕ್ಷಣೆಯ ಆರಂಭ, ಅಸ್ತಿಭಾರ ಮತ್ತು ಬೇರು ಎಂಬುದು ಅದರ ಮತ. ಎರಡನೆಯ ಅರ್ಥವನ್ನು ಅದು ನಿಷೇಧಿಸಿತು. ಪ್ರೀತಿಯು ಕೂಡದ ನಂಬಿಕೆಯು ಮನುಷ್ಯನನ್ನು ಕ್ರಿಸ್ತನಲ್ಲಿ ಪೂರ್ಣವಾಗಿ ಸೇರಿಸಲಾರದೆಂದು ಸಾರಿತು. ಲೂಥರನು ಎರಡನೆಯ ಅರ್ಥವನ್ನೇ ಹಿಡಿದನು. ಆದರೆ ಆತನು ಅಲ್ಲಗಳೆದುದು ಸತ್ಕ್ರಿಯೆಯ ಕಾರಣತ್ವವನ್ನು, ಅದರ ಇರವನ್ನಲ್ಲ. ಒಳ್ಳೆಯ ಮರವು ಒಳ್ಳೆಯ ಹಣ್ಣನ್ನು ಬಿಡುವಂತೆ ನಿಜವಾದ ನಂಬಿಕೆಯು ಸತ್ಕ್ರಿಯೆಯನ್ನು ತಾನಾಗಿಯೇ ಹೆರುವುದೆಂಬುದು ಆತನ ಮತ. ಹಣ್ಣಿನಿಂದ ಮರವು ಹುಟ್ಟುವುದಿಲ್ಲ. ಹಣ್ಣೇ ಬಿಡದ ಮರವು ಒಳ್ಳೆಯದೆನಿಸುವುದೂ ಇಲ್ಲ.

ಹೀಗಿರುವಲ್ಲಿ, ನಂಬಿದವನ ನಡತೆ ಹೇಗಿದ್ದರೂ ಸರಿಯೆಂಬುದು ಎರಡು ಪಕ್ಷಗಳಲ್ಲಿ ಯಾವುದರ ಸಿದ್ಧಾಂತವೂ ಅಲ್ಲ. ಮೂರು ಸಾಧನಗಳಿರಬೇಕೇ ಬೇಡವೇ ಎಂಬುದರಲ್ಲಿ ವಿವಾದವಿಲ್ಲ. ಅವುಗಳ ಕ್ರಮ ಮತ್ತು ಅಂಗಾಂಗಿಭಾವಗಳಲ್ಲಿ ಮಾತ್ರ ವಿವಾದ.

2. ಅಂಜದೀವದಿಂದ ಮೊದಲಾದ ಸಂಬಂಧ

ಕಾರವಾರದ ಎದುರಿನ ಕಡಲಲ್ಲಿರುವ ಅಂಜದೀವವು ಚಿಕ್ಕ ದ್ವೀಪವಾದರೂ ಇತಿಹಾಸದಲ್ಲಿ ಹೆಸರಾದುದು. ವಾಸ್ಕೋ ಡ ಗಾಮನು 1498ರಲ್ಲಿ ಊರಿಗೆ ಮರಳುವಾಗ ಅಲ್ಲಿ ತಂಗಿ ಹಡಗುಗಳನ್ನು ದುರಸ್ತಿಮಾಡಿಸಿಕೊಂಡನು. 1500ರಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳೊಡನೆ ಬಂದ ಕಬ್ರಾಲನ ನೌಕಾಪಡೆಯೂ ಅಲ್ಲಿ ತಂಗಿತು. 1505ರಲ್ಲಿ ಫ್ರಾನ್ಸಿಸ್ಕೋ ದ ಅಲ್ಮೇದನು ಅಲ್ಲಿ ಕೋಟೆಯನ್ನು ಕಟ್ಟಿಸಿದನು. ಮುಂದೆ ಅಲ್ಲಿ ಮಾತೆ ಮರಿಯಳ ಇಗರ್ಜಿಯು ಎದ್ದು ಕರಾವಳಿಯ ಕ್ರೈಸ್ತರಿಗೆ ಯಾತ್ರಾಸ್ಥಳವಾಯಿತು. ನೌಕಾಪಡೆಯ ನೆಲೆಯು ಕಾರವಾರ–ಅಂಕೋಲೆಯ ತೀರದಲ್ಲಿ ಸ್ಥಾಪಿತವಾದಮೇಲೆ ದ್ವೀಪಕ್ಕೆ ಯಾತ್ರಿಕರ ಪ್ರವೇಶವು ನಿರ್ಬಂಧಕ್ಕೊಳಗಾಗಿದೆ.

ಗಾಮನು ಅಂಜದೀವದಲ್ಲಿ ತಂಗಿದ ಅದೇ 1498ರಲ್ಲಿ ಲಿಸ್ಬನ್ ನಗರದಲ್ಲಿ ಮಿಸೆರಿಕೊರ್ದಿಯ, ಎಂದರೆ ಕರುಣೆ, ಎಂಬ ಹೆಸರಿನ ಗೃಹಸ್ಥರ ಸಂಘವೊಂದು ಸ್ಥಾಪಿತವಾಯಿತು. ಪೋರ್ತುಗೀಸರು ಹೋದಲ್ಲೆಲ್ಲ ಅದರ ಶಾಖೆಗಳು ಹೋದುವು. ಗೋವೆಯಲ್ಲಿಯೂ ಒಂದು ಬೇರೂರಿತು. ಹದಿನಾಲ್ಕು ಕರುಣಾಕಾರ್ಯಗಳ ಆಚರಣೆಯೇ ಈ ಸಂಘದ ನಿಯಮ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಬಟ್ಟೆಯಿಲ್ಲದವರಿಗೆ ಬಟ್ಟೆ, ಪರದೇಶಿಗೆ ಆಶ್ರಯ, ರೋಗಿಗಳ ಶುಶ್ರೂಷೆ, ಸೆರೆಯಾಳುಗಳ ವಿಮೋಚನೆ, ಸತ್ತವರ ಸಂಸ್ಕಾರ ಎಂಬ ಏಳು ದೇಹಸಂಬಂಧವಾದುವು. ಅಜ್ಞರಿಗೆ ಬೋಧಿಸುವುದು, ದುಃಖಿತರನ್ನು ಸಂತೈಸುವುದು, ಅಪರಾಧಿಗಳನ್ನು ಕ್ಷಮಿಸುವುದು ಮೊದಲಾದ ಏಳು ಆತ್ಮಸಂಬಂಧವಾದುವು. ದೇಹಸಂಬಂಧವಾದ ಏಳರಲ್ಲಿ ಆರಕ್ಕೆ ಆಧಾರವು ಮತ್ತಾಯನ ಸುವಾರ್ತೆಯ ಅಂತಿಮ ನ್ಯಾಯತೀರ್ಪಿನ ಪ್ರಸಂಗ. ಅಲ್ಲಿ ನ್ಯಾಯಾಧಿಪತಿಯು ಜನರ ಮತವನ್ನು ವಿಚಾರಿಸದೆ, ಹಸಿದವನಿಗೆ ಉಣಿಸಿದೆಯೋ ಇಲ್ಲವೋ ಎಂಬುದನ್ನು ವಿಚಾರಿಸುತ್ತಾನೆ. ಸತ್ತವರ ಸಂಸ್ಕಾರವೆಂಬ ಏಳನೆಯದು ತೋಬಿತನ ಗ್ರಂಥವನ್ನು ಆಧರಿಸಿ ಸೇರಿದುದು.

ಕರುಣೆಯ ಸಂಘವನ್ನು ತಂದ ಅದೇ ಹಡಗುಗಳು ಬಲಾತ್ಕಾರವನ್ನೂ ತಂದುವೆಂಬುದನ್ನು ಇತಿಹಾಸಕಾರನು ಮರೆಮಾಚಲಾಗದು. ಹದಿನಾರನೆಯ ಶತಮಾನದ ಮಧ್ಯದಲ್ಲಿ ಗೋವೆಯ ದೇವಾಲಯಗಳು ಕೆಡವಲ್ಪಟ್ಟುವು. 1560ರಲ್ಲಿ ಸ್ಥಾಪಿತವಾದ ಧರ್ಮವಿಚಾರಣಾ ನ್ಯಾಯಸ್ಥಾನವು ನಡುವೆ ಕೆಲವು ವರ್ಷ ನಿಂತು, 1812ರ ವರೆಗೆ ನಡೆಯಿತು. 1684ರಲ್ಲಿ ಕೊಂಕಣಿ ಭಾಷೆಯ ಬಳಕೆಯನ್ನೇ ನಿಲ್ಲಿಸಬೇಕೆಂದು ವೈಸರಾಯನ ಆಜ್ಞೆಯಾಯಿತು. ಹಿಂದೂ ಕುಟುಂಬಗಳು ತಮ್ಮ ದೇವತಾಮೂರ್ತಿಗಳೊಡನೆ, ಕ್ರೈಸ್ತ ಕುಟುಂಬಗಳು ತಮ್ಮ ಪ್ರಾರ್ಥನೆಗಳೊಡನೆ, ಗಡಿ ದಾಟಿ ಕನ್ನಡ ಕರಾವಳಿಗೆ ಬಂದುದಕ್ಕೆ ಯುದ್ಧ, ಬರ, ತೆರಿಗೆಗಳ ಜೊತೆಗೆ ಇದೂ ಒಂದು ಕಾರಣ. ನಂಬಿಕೆಯನ್ನು ಪ್ರೀತಿಯಿಂದ ಬೇರ್ಪಡಿಸಿದರೆ ಏನಾಗುವುದೆಂಬುದಕ್ಕೆ ಈ ತೀರದ ಜನರ ಕುಲಕಥೆಗಳೇ ಸಾಕ್ಷಿ. ಈ ವಿಚಾರವು ಅವರಿಗೆ ಪಾಠಶಾಲೆಯ ವಾದವಾಗಿರಲಿಲ್ಲ. ಮನೆಮಠಗಳನ್ನು ಬಿಡಿಸಿದ ಪ್ರಶ್ನೆಯಾಗಿತ್ತು.

3. ಭಾವಾರ್ಥ್, ಮೋಗ್, ಕರ್ಣಿ

ಹೀಗೆ ಬಂದ ಕ್ರೈಸ್ತರ ಮನೆಮಾತು ಕೊಂಕಣಿ. ಆ ಭಾಷೆಯಲ್ಲಿ ಕ್ರೈಸ್ತಸಿದ್ಧಾಂತಕ್ಕೆ ಶಬ್ದಗಳನ್ನು ನೆಲೆಗೊಳಿಸಿದವರಲ್ಲಿ ಯೇಸುಸಂಘದ ಥಾಮಸ್ ಸ್ಟೀಫನ್ಸರು ಅಗ್ರಗಣ್ಯರು. ಇಂಗ್ಲೆಂಡಿನಲ್ಲಿ 1549ರ ಸುಮಾರಿಗೆ ಹುಟ್ಟಿದ ಇವರು 1579ರಲ್ಲಿ ಗೋವೆಗೆ ಬಂದು, 1619ರಲ್ಲಿ ತೀರಿಕೊಳ್ಳುವ ವರೆಗೂ ಬಹುಮಟ್ಟಿಗೆ ಸಾಷ್ಟಿ ಪ್ರಾಂತದಲ್ಲಿದ್ದರು. ನಂಬಿಕೆಯಿಂದಲೇ ನೀತಿವಂತಿಕೆಯೆಂಬ ಸೂತ್ರವು 1571ರಲ್ಲಿ ಶಾಸನಸಮ್ಮತವಾದ ರಾಜ್ಯವನ್ನು ತೊರೆದು, ಕೆಥೊಲಿಕ ಸನ್ಯಾಸಿಯಾಗಿ ಬಂದವರು ಇವರು. ವಿವಾದದ ಬಿಸಿಯನ್ನು ಅನುಭವಿಸಿದ್ದ ಈ ಪಂಡಿತರು ಮರಾಠಿಯಲ್ಲಿ ಓವೀಛಂದಸ್ಸಿನಿಂದ ಕ್ರಿಸ್ತಪುರಾಣವನ್ನು ರಚಿಸಿ 1616ರಲ್ಲಿ ಅಚ್ಚುಹಾಕಿಸಿದರು. ಹತ್ತು ಸಾವಿರಕ್ಕೆ ಮೇಲ್ಪಟ್ಟ ಓವಿಗಳುಳ್ಳ ಈ ಗ್ರಂಥದ ಮೊದಲ ಮುದ್ರಣಗಳ ಪ್ರತಿಗಳು ಉಳಿದಿಲ್ಲ. ಹಸ್ತಪ್ರತಿಗಳನ್ನು ಹೋಲಿಸಿ ಜೆ. ಎಲ್. ಸಲ್ಡಾನರು 1907ರಲ್ಲಿ ಮಂಗಳೂರಿನಲ್ಲಿ ಇದನ್ನು ಪ್ರಕಟಿಸಿದರು. ಸ್ಟೀಫನ್ಸರ ಕೊಂಕಣಿ ಪ್ರಶ್ನೋತ್ತರಮಾಲೆಯು ಅವರ ಮರಣಾನಂತರ 1622ರಲ್ಲಿಯೂ, ಕೊಂಕಣಿಯ ವ್ಯಾಕರಣವು 1640ರಲ್ಲಿಯೂ ಬೆಳಕು ಕಂಡುವು.

ಕೊಂಕಣಿ ಕ್ರೈಸ್ತರಲ್ಲಿ ನಂಬಿಕೆಗೆ ರೂಢವಾದ ಹೆಸರು ಭಾವಾರ್ಥ್. ಈ ಶಬ್ದವು ಪಂಡಿತರಿಗೆ ಪರಿಚಿತವಾದುದೇ. ಜ್ಞಾನದೇವನ ಗೀತಾವ್ಯಾಖ್ಯಾನಕ್ಕೆ ಭಾವಾರ್ಥದೀಪಿಕೆಯೆಂದೂ, ಏಕನಾಥನ ರಾಮಾಯಣಕ್ಕೆ ಭಾವಾರ್ಥರಾಮಾಯಣವೆಂದೂ ಹೆಸರು. ಗ್ರಂಥನಾಮಗಳಲ್ಲಿ ತಾತ್ಪರ್ಯವೆಂಬ ಅರ್ಥವಿದ್ದರೂ, ಮರಾಠಿಯ ಭಕ್ತಿಮಾರ್ಗದಲ್ಲಿ ಭಾವಾರ್ಥವೆಂದರೆ ನಿಷ್ಕಪಟವಾದ ಭಕ್ತಿಭಾವ, ಹೃದಯದ ಪ್ರಾಮಾಣಿಕತೆ. ಕೇವಲ ಬುದ್ಧಿಯ ಸಮ್ಮತಿಗೆ ಆ ಹೆಸರು ಸಲ್ಲದು. ಯಾಕೋಬನು ಹೇಳಿದ ದೆವ್ವಗಳ ನಂಬಿಕೆಯನ್ನು ಭಾವಾರ್ಥ್ ಎಂದು ಕರೆದರೆ ಶಬ್ದವೇ ಸಹಿಸಲಾರದು. ತ್ರೆಂತಿನ ಪಂಡಿತರು ಪ್ರೀತಿಯಿಂದ ರೂಪುಗೊಂಡ ನಂಬಿಕೆಯೆಂದು ವಿಶೇಷಣವನ್ನು ಸೇರಿಸಿ ಹೇಳಬೇಕಾಗಿದ್ದ ಅರ್ಥವು ಇಲ್ಲಿ ವಿಶೇಷಣವಿಲ್ಲದೆಯೇ ಸಿದ್ಧಿಸುತ್ತದೆ.

ಪ್ರೀತಿಗೆ ಕೊಂಕಣಿಯ ಶಬ್ದ ಮೋಗ್. ಇದು ಸಂಸ್ಕೃತದ ಮೋಹಶಬ್ದದಿಂದ ಬಂದುದೆಂದು ಭಾಷಾಶಾಸ್ತ್ರಜ್ಞರು ಹೇಳುವರು. ವೇದಾಂತದಲ್ಲಿ ಬಂಧಕ್ಕೆ ಕಾರಣವಾದ ಮೋಹವು ಕೊಂಕಣಿಯಲ್ಲಿ ದೇವರ ಪ್ರೀತಿಯನ್ನೂ ನೆರೆಯವನ ಪ್ರೀತಿಯನ್ನೂ ಹೇಳುವ ಶಬ್ದವಾದುದು ಅರ್ಥವಿಕಾಸದ ಸೋಜಿಗಗಳಲ್ಲೊಂದು. ಸತ್ಕ್ರಿಯೆಗೆ ಬಳಸುವ ಕರ್ಣಿಯೆಂಬ ಮಾತಾದರೋ ಮಾಡಿದ ಕೆಲಸವೆಂಬಷ್ಟೇ ಸಾಮಾನ್ಯಾರ್ಥದ್ದು. ಅದರ ಒಳ್ಳೆಯತನವು ಕೂಡಿದ ಭಾವದಿಂದ ಬರಬೇಕಾದುದು. ಅಂತೂ ಈ ತೀರದ ಭಾಷೆಯಲ್ಲಿ ಮೂರು ಸಾಧನಗಳು ಮೂರು ಪೆಟ್ಟಿಗೆಗಳಲ್ಲಿಟ್ಟ ಮೂರು ವಸ್ತುಗಳಾಗಿ ನಿಲ್ಲಲಿಲ್ಲ.

4. ವಾಜರ ಬಾಳು

ಶಬ್ದಗಳಲ್ಲಿ ಕಂಡ ಈ ಐಕ್ಯವನ್ನು ಬಾಳಿನಲ್ಲಿ ತೋರಿಸಿದವರು ಜೋಸೆಫ್ ವಾಜರು. 1651ರಲ್ಲಿ ಸಾಷ್ಟಿಯ ಬಾಣಾವಲಿಯಲ್ಲಿ ಹುಟ್ಟಿದ ಇವರು 1681ರಿಂದ 1684ರ ವರೆಗೆ ಕನ್ನಡ ಕರಾವಳಿಯ ಕ್ರೈಸ್ತರ ಮೇಲ್ವಿಚಾರಕರಾಗಿದ್ದರು. ಆಗ ಈ ತೀರದಲ್ಲಿ ಎರಡು ಅಧಿಕಾರಗಳ ಕಲಹ: ಪೋರ್ತುಗೀಸ್ ಅರಸನ ಆಶ್ರಯಾಧಿಕಾರವನ್ನು ಹಿಡಿದ ಗೋವೆಯ ಮಹಾಧರ್ಮಾಧ್ಯಕ್ಷರು ಒಂದು ಕಡೆ, ರೋಮಿನ ಪ್ರಚಾರಸಭೆಯಿಂದ ನೇಮಕವಾದ ಥಾಮಸ್ ದ ಕಾಸ್ತ್ರೊ ಎಂಬ ಧರ್ಮಾಧ್ಯಕ್ಷರು ಇನ್ನೊಂದು ಕಡೆ. ಗೋವೆಯ ಪ್ರತಿನಿಧಿಯಾಗಿ ಬಂದ ವಾಜರು ಜಗಳವನ್ನು ಬೆಳೆಸದೆ ಸಮಾಧಾನಕ್ಕೆ ಯತ್ನಿಸಿದರು, ಬರಿಗಾಲಲ್ಲಿ ಊರೂರು ತಿರುಗಿ ಜನರನ್ನು ಕಂಡರು, ಭಕ್ತಸಂಘಗಳನ್ನು ನೆಲೆಗೊಳಿಸಿದರು. ಪಾದ್ರಿಗಳು ಅಪರೂಪವಾಗಿದ್ದ ಕಾಲದಲ್ಲಿ ಪ್ರಾರ್ಥನೆ, ರೋಗಿಗಳ ಆರೈಕೆ, ಶವಸಂಸ್ಕಾರಗಳಂಥ ಕಾರ್ಯಗಳನ್ನು ಊರವರೇ ಕೂಡಿ ನಡೆಸಲು ಇಂಥ ಸಂಘಗಳೇ ಆಧಾರ.

1687ರಲ್ಲಿ ವಾಜರು ಕೂಲಿಯವನ ವೇಷದಲ್ಲಿ ಸಿಂಹಳವನ್ನು ಸೇರಿದರು. ಅಲ್ಲಿಯ ಕರಾವಳಿಯನ್ನು ಆಳುತ್ತಿದ್ದ ಡಚ್ಚರು ಸುಧಾರಿತ ಪಂಥದವರು. ಕೆಥೊಲಿಕ ಪಾದ್ರಿಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಯೂರೋಪಿನ ವಿವಾದವು ಸಮುದ್ರವನ್ನು ದಾಟಿ ಅಲ್ಲಿ ರಾಜಾಜ್ಞೆಯ ರೂಪವನ್ನು ತಳೆದಿತ್ತು. ಒಳನಾಡಿನ ಕ್ಯಾಂಡಿಯ ಬೌದ್ಧ ಅರಸನು ಮೊದಲು ವಾಜರನ್ನು ಸೆರೆಯಲ್ಲಿಟ್ಟು, ಆಮೇಲೆ ಆಶ್ರಯವನ್ನಿತ್ತನು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ, ಜನರು ರೋಗಿಗಳನ್ನು ಬಿಟ್ಟು ಓಡಿದಾಗ, ವಾಜರೂ ಅವರ ಸೋದರಳಿಯನಾದ ಪಾದ್ರಿಯೂ ಮತಭೇದವಿಲ್ಲದೆ ರೋಗಿಗಳನ್ನು ಉಪಚರಿಸಿದರು, ಸತ್ತವರನ್ನು ಮಣ್ಣುಮಾಡಿದರು. ಕರುಣಾಕಾರ್ಯಗಳ ಪಟ್ಟಿಯು ಇಲ್ಲಿ ಬಾಯಿಪಾಠವಾಗಿ ಉಳಿಯಲಿಲ್ಲ. ಅವರು 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು; 2015ರಲ್ಲಿ ಕೊಲಂಬೊ ನಗರದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ವಾಜರ ಶುಶ್ರೂಷೆಯು ಪುಣ್ಯಸಂಪಾದನೆಯ ಉಪಾಯವೆಂದರೆ ಅದರ ಸ್ವರೂಪವೇ ಕೆಡುವುದು. ಪುಣ್ಯವೆಂದರೆ ನಮ್ಮಲ್ಲಿ ಕರ್ಮದಿಂದ ಹುಟ್ಟಿ, ಫಲವನ್ನು ಕೊಟ್ಟು ಕ್ಷಯಿಸುವ ಅದೃಷ್ಟ. ತ್ರೆಂತಿನ ಸಭೆಯು ಸತ್ಕ್ರಿಯೆಗೆ ಪ್ರತಿಫಲವುಂಟೆಂದು ಒಪ್ಪಿದರೂ, ಆ ಕ್ರಿಯೆಯೇ ದೇವರ ಕೃಪೆಯ ದಾನವೆಂದು ಹೇಳಿತು. ಸಾಲಗಾರನಿಂದ ಬಡ್ಡಿಯನ್ನು ಕೇಳುವ ವ್ಯವಹಾರಕ್ಕೆ ಅಲ್ಲಿ ಎಡೆಯಿಲ್ಲ.

5. ಕನ್ನಡದಲ್ಲಿ ನಂಬಿಕೆ ಮತ್ತು ವಿಶ್ವಾಸ

ಗೋವೆಯ ಕಡೆಯಿಂದ ಕೆಥೊಲಿಕ ಸಿದ್ಧಾಂತವು ಕೊಂಕಣಿಯಲ್ಲಿ ಬಂದರೆ, ಪ್ರಾಟೆಸ್ಟಂಟ್ ಸಿದ್ಧಾಂತವು ಕರ್ನಾಟಕದ ಇತರ ಭಾಗಗಳಿಗೆ ಕನ್ನಡದಲ್ಲಿಯೇ ಬಂದಿತು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸರ ಶ್ರಮದಿಂದ 1831ರ ಹೊತ್ತಿಗೆ ಬೈಬಲು ಕನ್ನಡದಲ್ಲಿ ಪೂರ್ಣವಾಯಿತು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಇವರು ಲೂಥರನ ಸೂತ್ರವನ್ನು ಹಿಡಿದವರಾದರೂ, ನಂಬಿಕೆಯು ನಡೆಯಲ್ಲಿ ಕಾಣಬೇಕೆಂದು ಆಗ್ರಹಿಸಿದ ಭಕ್ತಿಪಂಥದ ವಾತಾವರಣದಲ್ಲಿ ಬೆಳೆದವರು. ಮತಾಂತರದಿಂದ ಮನೆಯನ್ನೂ ಕುಲವೃತ್ತಿಯನ್ನೂ ಕಳೆದುಕೊಂಡವರಿಗಾಗಿ ಅವರು ಮಗ್ಗದ ಶಾಲೆಗಳನ್ನು ಹೂಡಿದರು; 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಅವರಲ್ಲೊಬ್ಬರಾದ ಫೆರ್ಡಿನಂಡ್ ಕಿಟ್ಟೆಲರು 1862ರ ಕಥಾಮಾಲೆಯಲ್ಲಿ ಕ್ರಿಸ್ತಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಒಗ್ಗಿಸಿದರು. 1894ರಲ್ಲಿ ಅವರ ನಿಘಂಟು ಪ್ರಕಟವಾಯಿತು. ಕ್ರಿಯೆಯಿಂದ ಮುಕ್ತಿಯಿಲ್ಲವೆಂದು ಬೋಧಿಸಿದವರೇ ಕ್ರಿಯೆಯಲ್ಲಿ ಹೀಗೆ ಮುಂದಾದುದು ವಿರೋಧಾಭಾಸದಂತೆ ತೋರಬಹುದು. ಫಲಾಪೇಕ್ಷೆಯಿಂದ ಬಿಡುಗಡೆಯಾದ ಕೈಯೇ ಹೆಚ್ಚು ದುಡಿಯುವುದೆಂಬುದನ್ನು ಗೀತೆಯನ್ನು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಾಟೆಸ್ಟಂಟರ ಕನ್ನಡ ಬೈಬಲಿನಲ್ಲಿ ರೂಢವಾದ ಶಬ್ದ ನಂಬಿಕೆ; ಕನ್ನಡ ಕೆಥೊಲಿಕರಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ವಿಶ್ವಾಸ. ಎರಡೂ ವಿಚಾರಾರ್ಹವಾದ ಶಬ್ದಗಳು. ನಂಬುವುದೆಂದರೆ ಇದು ಹೀಗಿದೆಯೆಂದು ಒಪ್ಪುವುದು ಮಾತ್ರವಲ್ಲ, ಒಬ್ಬರ ಮೇಲೆ ಭಾರಹಾಕಿ ನಿಲ್ಲುವುದು. ನಂಬಿಕೆಯ ಆಳು ಎಂಬಲ್ಲಿ ನಂಬಿಕೆಯು ನಂಬಲ್ಪಟ್ಟವನ ನಡತೆಯನ್ನೂ ಸೂಚಿಸುತ್ತದೆ. ವಿಶ್ವಾಸವೆಂಬುದು ಸಂಸ್ಕೃತದಲ್ಲಿ ನೆಚ್ಚಿಕೆಯನ್ನು ಹೇಳಿದರೆ, ಕನ್ನಡದ ಆಡುಮಾತಿನಲ್ಲಿ ಅಕ್ಕರೆಯನ್ನೂ ಹೇಳುತ್ತದೆ. ಎರಡು ಮನೆಗಳವರು ವಿಶ್ವಾಸದಿಂದಿದ್ದಾರೆಂದರೆ ಪರಸ್ಪರ ಪ್ರೀತಿಯಿಂದಿದ್ದಾರೆಂದೇ ತಾತ್ಪರ್ಯ. ಲೂಥರನೂ ನಂಬಿಕೆಯೆಂದರೆ ದೇವರಲ್ಲಿ ಭಾರಹಾಕುವುದೆಂದೇ ಹೇಳಿದನು. ಕೆಥೊಲಿಕರು ನಂಬಿಕೆಯಲ್ಲಿ ಪ್ರೀತಿಯು ಬೆರೆಯಬೇಕೆಂದರು. ಕನ್ನಡವು ಮೊದಲನೆಯವರಿಗೆ ನಂಬಿಕೆಯನ್ನೂ ಎರಡನೆಯವರಿಗೆ ವಿಶ್ವಾಸವನ್ನೂ ಒದಗಿಸಿ, ಇಬ್ಬರ ಅಭಿಪ್ರಾಯಗಳನ್ನೂ ಕಾಪಾಡಿತು. ಈ ಶಬ್ದಗಳನ್ನು ಬರಿಯ ಮತಾಭಿಪ್ರಾಯವೆಂದು ಪಾಠಹೇಳಿದರೆ ಕ್ರೈಸ್ತಸಿದ್ಧಾಂತಕ್ಕೂ ಕನ್ನಡಕ್ಕೂ ಒಟ್ಟಿಗೇ ಅನ್ಯಾಯವಾಗುತ್ತದೆ.

6. ಸಿದ್ಧಾಂತ

ನಮ್ಮ ದರ್ಶನಗಳೊಡನೆ ಹೋಲಿಸುವಾಗ ಸಾಮ್ಯದಷ್ಟೇ ವೈಷಮ್ಯವನ್ನೂ ಗಮನಿಸಬೇಕು. ಶಾಂಕರಮತದಲ್ಲಿ ಕರ್ಮವು ಚಿತ್ತಶುದ್ಧಿಗೆ ಕಾರಣ, ಜ್ಞಾನಕ್ಕೆ ಮೊದಲು ಬರುವುದು. ಲೂಥರನ ಮತದಲ್ಲಿ ಸತ್ಕ್ರಿಯೆಯು ನಂಬಿಕೆಯ ಫಲ, ಅನಂತರ ಬರುವುದು. ಕ್ರಮವು ತಲೆಕೆಳಗಾದರೂ, ಕರ್ಮವು ಸಾಕ್ಷಾತ್ ಮೋಕ್ಷಕಾರಣವಲ್ಲವೆಂಬುದರಲ್ಲಿ ಇಬ್ಬರೂ ಒಂದೇ. ಶ್ರೀವೈಷ್ಣವರ ಮರ್ಕಟನ್ಯಾಯ–ಮಾರ್ಜಾಲನ್ಯಾಯಗಳ ವಿವಾದವು ಇದಕ್ಕೆ ಇನ್ನೂ ಹತ್ತಿರದ್ದು. ಮರಿಯು ತಾಯಿಯನ್ನು ಹಿಡಿದುಕೊಳ್ಳಬೇಕೋ, ತಾಯಿಯೇ ಮರಿಯನ್ನು ಕಚ್ಚಿಕೊಂಡು ಒಯ್ಯುವಳೋ ಎಂಬುದೇ ತ್ರೆಂತಿಗೂ ಲೂಥರನಿಗೂ ನಡುವಣ ಪ್ರಶ್ನೆಯೆನ್ನಬಹುದು. ಎರಡು ನ್ಯಾಯಗಳಲ್ಲಿಯೂ ದಾಟಿಸುವವಳು ತಾಯಿಯೇ.

1999ನೆಯ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬುರ್ಗ್ ನಗರದಲ್ಲಿ ಕೆಥೊಲಿಕ ಸಭೆಯೂ ಲೂಥರನ್ ಸಭೆಗಳ ಒಕ್ಕೂಟವೂ ಈ ವಿಷಯದಲ್ಲಿ ಸಂಯುಕ್ತಘೋಷಣೆಗೆ ಸಹಿಹಾಕಿದುವು. ಮನುಷ್ಯನು ತನ್ನ ಯೋಗ್ಯತೆಯಿಂದಲ್ಲದೆ ಕೇವಲ ಕೃಪೆಯಿಂದ ಅಂಗೀಕೃತನಾಗುತ್ತಾನೆಂದೂ, ಅದೇ ಕೃಪೆಯು ಹೃದಯವನ್ನು ಹೊಸದುಮಾಡಿ ಸತ್ಕ್ರಿಯೆಗೆ ಅಣಿಗೊಳಿಸುತ್ತದೆಂದೂ ಅದರ ಸಾರ. ಮೆಥಡಿಸ್ಟರು 2006ರಲ್ಲಿಯೂ, ಸುಧಾರಿತ ಪಂಥದ ಸಭೆಗಳ ಒಕ್ಕೂಟವು 2017ರಲ್ಲಿಯೂ ಇದನ್ನು ಸೇರಿದುವು. ಉಳಿದ ಭೇದಗಳು ಉಳಿದೇ ಇವೆ. ಆದರೆ ಒಬ್ಬರನ್ನೊಬ್ಬರು ಶಪಿಸಲು ಅವು ಸಾಲವೆಂದು ಉಭಯರೂ ಒಪ್ಪಿದರು. ಸುಮಾರು ನಾಲ್ಕೂವರೆ ಶತಮಾನಗಳ ತರುವಾಯ ವಿದ್ವಾಂಸರು ತಲಪಿದ ಈ ನೆಲೆಗೆ ಭಾವಾರ್ಥ್ ಎಂಬ ಕೊಂಕಣಿಯ ಮಾತು ದೂರವಾದುದಲ್ಲ.

ಗೋವೆಯ ಆಡಳಿತದಲ್ಲಿದ್ದ ಈ ಪ್ರಾಂತದ ಕೆಥೊಲಿಕರು 1953ರಲ್ಲಿ ಬೆಳಗಾವಿ ಧರ್ಮಪ್ರಾಂತಕ್ಕೆ ಸೇರಿದರು. 1976ರಲ್ಲಿ ಕಾರವಾರವೇ ಒಂದು ಧರ್ಮಪ್ರಾಂತವಾಯಿತು. ಮನೆಯಲ್ಲಿ ಕೊಂಕಣಿಯನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುವ ಈ ಜನರಲ್ಲಿ ಭಾವಾರ್ಥ್ ಮತ್ತು ವಿಶ್ವಾಸಗಳೆಂಬ ಎರಡು ಶಬ್ದಗಳೂ ಒಂದೇ ನಾಲಗೆಯ ಮೇಲಿವೆ.

ಇದೇ ಕಾರವಾರದ ಕಡಲತಡಿಯಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ತಂಗಿದ್ದ ರವೀಂದ್ರನಾಥ ಠಾಕೂರರು ಪ್ರಕೃತಿಯ ಪ್ರತಿಶೋಧವೆಂಬ ನಾಟಕವನ್ನು ಬರೆದರು. ಅದು 1884ರಲ್ಲಿ ಪ್ರಕಟವಾಯಿತು. ಮಮತೆಯ ಎಳೆಗಳನ್ನೆಲ್ಲ ಕಡಿದುಕೊಂಡು ಮುಕ್ತನಾಗಬಯಸಿದ ಸನ್ಯಾಸಿಯೊಬ್ಬನನ್ನು ಅನಾಥ ಬಾಲಿಕೆಯೊಬ್ಬಳ ಅಕ್ಕರೆಯು ಲೋಕಕ್ಕೆ ಮರಳಿ ಸೆಳೆಯುವುದು ಅದರ ವಸ್ತು. ಅದು ಕ್ರೈಸ್ತಗ್ರಂಥವಲ್ಲ, ಈ ವಿವಾದಕ್ಕೆ ಅದರ ಸಂಬಂಧವೂ ಇಲ್ಲ. ಆದರೆ ಬಂಧಿಸುವ ಮೋಹವೇ ಬಿಡಿಸುವ ಪ್ರೀತಿಯಾಗಬಲ್ಲದೆಂಬ ಮಾತನ್ನು ಈ ತೀರದ ಕೊಂಕಣಿಗರು ಮೋಗ್ ಎಂಬ ಒಂದೇ ಶಬ್ದದಲ್ಲಿ ಬಹುಕಾಲದಿಂದ ಹೇಳುತ್ತ ಬಂದಿದ್ದರು.

ಆದುದರಿಂದ ನಂಬಿಕೆ, ಪ್ರೀತಿ, ಸತ್ಕ್ರಿಯೆಗಳನ್ನು ಪರಸ್ಪರ ಪ್ರತಿಸ್ಪರ್ಧಿಗಳಾದ ಮೂರು ಮಾರ್ಗಗಳೆಂದು ಎಣಿಸುವುದು ಯುಕ್ತವಲ್ಲ. ನಂಬಿಕೆಯು ಮೂಲ, ಪ್ರೀತಿಯು ಅದರ ಜೀವ, ಸತ್ಕ್ರಿಯೆಯು ಅದರ ಪ್ರಕಾಶ. ಮೂಲಕ್ಕೆ ಮಾತ್ರ ಕಾರಣತ್ವವೆಂದು ಒಬ್ಬರು ಹೇಳಲಿ, ಜೀವವೂ ಕೂಡಿದ ಮೂಲಕ್ಕೆಂದು ಇನ್ನೊಬ್ಬರು ಹೇಳಲಿ. ಜೀವವಿಲ್ಲದ ಮೂಲವನ್ನು ಯಾರೂ ಬೇಡಲಿಲ್ಲ. ಅಂಥದನ್ನು ರಾಜದಂಡದ ಬಲದಿಂದ ನೆಡಹೊರಟಾಗ ಏನಾಯಿತೆಂಬುದನ್ನು ಗೋವೆಯ ಗಡಿಯನ್ನು ದಾಟಿ ಬಂದವರ ವಂಶಗಳು ಬಲ್ಲವು.